ಮನೆಯ ಪಾಯ ಕುಳಿತರೆ: ಬಿರುಕು ಓದುವುದರಿಂದ ಪಾಯ ಬಲಪಡಿಸುವವರೆಗೆ

ಗೋಡೆಯಲ್ಲಿ ಬಿರುಕು ಕಂಡ ಕೂಡಲೇ ಪೇಂಟರನ್ನು ಕರೆಸಿ ಪುಟ್ಟಿ ಹಾಕಿಸುವುದು ಬೆಂಗಳೂರಿನಲ್ಲಿ ಬೇರೂರಿದ ಅಭ್ಯಾಸ. ಮುಂದಿನ ಮಳೆಗಾಲಕ್ಕೆ ಅದೇ ಜಾಗ ಮತ್ತೆ ಬಾಯಿ ಬಿಡುತ್ತದೆ. ಪುಟ್ಟಿಯ ಖರ್ಚು ದಂಡವಾಯಿತೆಂಬುದು ಸಣ್ಣ ಮಾತು. ಮನೆಯ ಯಾವ ಮೂಲೆ ಎಷ್ಟು ಇಳಿಯುತ್ತಿದೆ ಎಂದು ಹೇಳಬಲ್ಲ ಸಾಕ್ಷಿಯನ್ನು ನಮ್ಮ ಕೈಯಾರೆ ಅಳಿಸಿಬಿಟ್ಟೆವಲ್ಲ, ಅದು ದೊಡ್ಡ ನಷ್ಟ.

ಪಾಯದ ದುರಸ್ತಿಗೆ ಒಂದು ಕ್ರಮವಿದೆ. ಮೊದಲು ಬಿರುಕನ್ನು ಓದಬೇಕು, ಅಳೆಯಲು ಶುರು ಮಾಡಬೇಕು, ಪಾಯದ ಬಳಿ ಇಂಗುತ್ತಿರುವ ನೀರನ್ನು ನಿಲ್ಲಿಸಬೇಕು, ಆಮೇಲೆ ಅಗೆದು ನೋಡಬೇಕು, ಬೇಕಿದ್ದರೆ ಮಾತ್ರ ಪಾಯವನ್ನು ಬಲಪಡಿಸಬೇಕು. ಬಿರುಕು ಮುಚ್ಚುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿದರೆ ಲಕ್ಷಗಟ್ಟಲೆ ಸುರಿದರೂ ಫಲವಿಲ್ಲ. ಕ್ರಮ ಹಿಡಿದು ಹೋದರೆ ಎಷ್ಟೋ ಮನೆಗಳಿಗೆ ಪಾಯ ಮುಟ್ಟುವ ಪ್ರಮೇಯವೇ ಬರುವುದಿಲ್ಲ.

ನಿಮ್ಮ ಸೈಟು ಮೊದಲು ಏನಾಗಿತ್ತು?

ಬೆಂಗಳೂರಿನ ನೆಲ ಒಟ್ಟಿನಲ್ಲಿ ಒಳ್ಳೆಯದು. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಗರಸು, ಇನ್ನೂ ಕೆಳಗೆ ಶಿಥಿಲಗೊಂಡ ಬಂಡೆ, ತಳದಲ್ಲಿ ಗಟ್ಟಿ ನೈಸ್ ಶಿಲೆ. ಗರಸಿನವರೆಗೆ ಇಳಿದು ಸೈಜುಗಲ್ಲಿನ ಪಾಯ ಕಟ್ಟಿದ ಹಳೆಯ ಮನೆಗಳು ತಲೆಮಾರುಗಳಿಂದ ಅಲ್ಲಾಡದೆ ನಿಂತಿವೆ. ತೊಂದರೆ ಇರುವುದು ಭರ್ತಿ ಮಾಡಿದ ನೆಲದಲ್ಲಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಧರ್ಮಾಂಬುಧಿ ಕೆರೆಯಾಗಿತ್ತು, ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಕೆರೆಯಾಗಿತ್ತು. ಹೆಸರು ಉಳಿಯದ ಕುಂಟೆ, ಕಾಲುವೆ, ಗದ್ದೆಗಳ ಮೇಲೆ ಎಷ್ಟು ಬಡಾವಣೆಗಳು ಎದ್ದಿವೆಯೋ! ಕೆರೆಯಂಗಳದ ಜೇಡಿಮಣ್ಣು ನೀರು ಕುಡಿದರೆ ಮೆತ್ತಗಾಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮೇಲೆ ಒಡೆದ ಕಟ್ಟಡಗಳ ಕಸ ಸುರಿದು ಸೈಟು ಮಾಡಿದ್ದರೆ ಆ ಭರ್ತಿ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಕಲ್ಲು ತೆಗೆದು ಬಿಟ್ಟ ಕ್ವಾರಿ ಗುಂಡಿಗಳ ಕಥೆಯೂ ಇದೇ.

ಹೀಗಾಗಿ ಮೊದಲ ಕೆಲಸ ಕಾಗದದ್ದು. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಸೈಟಿನ ಸರ್ವೆ ನಂಬರ್ ನೋಡಿ, ಭೂಮಾಪನ ಇಲಾಖೆಯ ಹಳೆಯ ಗ್ರಾಮ ನಕಾಶೆಯನ್ನು ತೆಗೆಸಿ, ಕೆರೆ ಅಥವಾ ರಾಜಕಾಲುವೆ ಎಲ್ಲಿ ಹಾದುಹೋಗಿತ್ತು ಎಂದು ಹೋಲಿಸಿ. ಬಡಾವಣೆ ಆಗುವ ಮೊದಲಿನಿಂದ ಅಲ್ಲಿರುವ ಹಿರಿಯರನ್ನು ಕೇಳಿ. ಸೈಟು ಇಳಿಜಾರಿನಲ್ಲಿದ್ದರೆ ಒಂದು ಬದಿಯನ್ನು ಕಡಿದು ಇನ್ನೊಂದು ಬದಿಗೆ ತುಂಬಿರುತ್ತಾರೆ. ಅಂಥ ಮನೆಯಲ್ಲಿ ತುಂಬಿದ ಬದಿಯೇ ಕುಳಿತುಕೊಳ್ಳುವುದು ಹೆಚ್ಚು.

ಬಿರುಕನ್ನು ಓದುವುದು

ಎಲ್ಲ ಬಿರುಕುಗಳೂ ಪಾಯದವಲ್ಲ. ಪ್ಲಾಸ್ಟರಿಂಗ್ ಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಗೆರೆಗಳು ಗಾರೆ ಒಣಗುವಾಗ ಬಂದವು. ಮೇಲಿನ ಮಹಡಿಯಲ್ಲಿ ಛಾವಣಿಯ ಕೆಳಗೆ ಉದ್ದಕ್ಕೂ ಅಡ್ಡಲಾಗಿ ಬರುವ ಬಿರುಕು ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗುವುದರಿಂದ ಬಂದದ್ದು. ಪಿಲ್ಲರ್ ಮತ್ತು ಬ್ಲಾಕ್ ಗೋಡೆ ಸೇರುವಲ್ಲಿ ನೇರವಾಗಿ ಇಳಿಯುವ ಗೆರೆ ಎರಡು ಬೇರೆ ವಸ್ತುಗಳ ಸಂದು. ಅಲ್ಲಿ ಕೋಳಿಬಲೆ ಹಾಕದೆ ಪ್ಲಾಸ್ಟರ್ ಮಾಡಿದ್ದಾರೆ, ಅಷ್ಟೆ. ಕಾಂಕ್ರೀಟ್ ಬ್ಲಾಕುಗಳನ್ನು ಸರಿಯಾಗಿ ಕ್ಯೂರಿಂಗ್ ಆಗುವ ಮುನ್ನವೇ ತಂದು ಕಟ್ಟಿದ ಗೋಡೆಗಳಲ್ಲೂ ಕುಗ್ಗುವಿಕೆಯ ಬಿರುಕು ಸಾಮಾನ್ಯ. ತೊಲೆ ಅಥವಾ ಪಿಲ್ಲರಿನ ಉದ್ದಕ್ಕೂ ತುಕ್ಕಿನ ಕಲೆಯೊಂದಿಗೆ ಬಂದ ಬಿರುಕು ಒಳಗಿನ ಕಂಬಿಯದು. ಅದು ಗಂಭೀರವೇ, ಆದರೆ ಅದರ ಚಿಕಿತ್ಸೆ ಬೇರೆ.

ಪಾಯದ ಬಿರುಕು ಓರೆಯಾಗಿ ಹೋಗುತ್ತದೆ. ಕಿಟಕಿ ಬಾಗಿಲುಗಳ ಮೂಲೆಯಿಂದ ಹೊರಟು ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಅದು ಏರುತ್ತಾ ಯಾವ ಕಡೆಗೆ ವಾಲುತ್ತದೆಯೋ ಸಾಮಾನ್ಯವಾಗಿ ಆ ಕಡೆಯ ಪಾಯ ಇಳಿಯುತ್ತಿರುತ್ತದೆ. ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಹೋಗಿದ್ದರೆ ಬಲ ಮೂಲೆಯನ್ನು ಅನುಮಾನಿಸಿ. ಬಿರುಕು ಮೇಲ್ಭಾಗದಲ್ಲಿ ಅಗಲವಾಗಿದ್ದರೆ ಗೋಡೆಯ ತುದಿ ಇಳಿಯುತ್ತಿದೆ, ಕೆಳಭಾಗದಲ್ಲಿ ಅಗಲವಾಗಿದ್ದರೆ ನಡುಭಾಗ ಇಳಿಯುತ್ತಿದೆ. ಬಿರುಕಿನ ಎರಡೂ ಬದಿಯ ಮೇಲೆ ಬೆರಳಾಡಿಸಿ ನೋಡಿ. ಒಂದು ಬದಿ ಮುಂದೆ ಬಂದು ತಡೆದಂತಾದರೆ ಗೋಡೆ ಹೊರಕ್ಕೂ ವಾಲಿದೆ ಎಂದು ಅರ್ಥ.

ಅಗಲದ ಲೆಕ್ಕಕ್ಕೆ ಎಂಜಿನಿಯರುಗಳು ಒಂದು ಅಂದಾಜು ಇಟ್ಟುಕೊಂಡಿರುತ್ತಾರೆ. 1 ಮಿಲಿಮೀಟರ್‌ವರೆಗಿನದು ಬಣ್ಣ ಬಳಿಯುವಾಗ ಮುಚ್ಚಿಹೋಗುವಂಥದ್ದು. 5 ಮಿಲಿಮೀಟರ್ ಸಮೀಪಿಸಿದರೆ ಬಾಗಿಲು ಕಿಟಕಿ ಬಿಗಿಯಾಗಲು ತೊಡಗುತ್ತವೆ. 5ರಿಂದ 15 ಮಿಲಿಮೀಟರ್ ಆದರೆ ಗೋಡೆಯ ಆ ಭಾಗವನ್ನು ಒಡೆದು ಕಟ್ಟಬೇಕಾಗಬಹುದು, ನೀರಿನ ಪೈಪುಗಳೂ ಮುರಿಯಬಹುದು. 15 ದಾಟಿದರೆ ವಿಚಾರ ಗಂಭೀರ, 25 ದಾಟಿದರೆ ಕಟ್ಟಡದ ಸ್ಥಿರತೆಯೇ ಪ್ರಶ್ನೆ.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಕೊಳ್ಳಬೇಕು. ನೆಲ ಕುಳಿತುಕೊಳ್ಳುವುದು ಬೇರೆ, ಪಾಯ ಕುಳಿತುಕೊಳ್ಳುವುದು ಬೇರೆ. ಟೈಲ್ಸ್ ಕೆಳಗಿಳಿದು ಸ್ಕರ್ಟಿಂಗ್ ಅಡಿಯಲ್ಲಿ ಬೆರಳು ತೂರುವಷ್ಟು ಸಂದು ಬಿದ್ದಿದೆ, ಆದರೆ ಗೋಡೆಯಲ್ಲಿ ಒಂದು ಗೆರೆಯೂ ಇಲ್ಲ ಎಂದಾದರೆ ಇಳಿದಿರುವುದು ಪಾಯದ ಗೋಡೆಗಳ ನಡುವೆ ತುಂಬಿದ ಮಣ್ಣು. ಭರ್ತಿ ಮಾಡುವಾಗ ನೀರು ಹಾಕಿ ದಿಮ್ಮಸು ಹೊಡೆದಿಲ್ಲ, ಇಲ್ಲವೇ ಹೆಗ್ಗಣಗಳು ಮೋರಿಯ ಕಡೆಯಿಂದ ಬಿಲ ತೋಡಿ ಮಣ್ಣನ್ನು ಹೊರಗೆ ಹಾಕಿವೆ. ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋದರೆ ಟೊಳ್ಳಾದ ಜಾಗ ದನಿಯಿಂದಲೇ ಗೊತ್ತಾಗುತ್ತದೆ. ಅಲ್ಲಿ ಟೈಲ್ಸ್ ಎಬ್ಬಿಸಿ, ಬಿಲಗಳನ್ನು ಜಲ್ಲಿ ಕಾಂಕ್ರೀಟಿನಿಂದ ತುಂಬಿ, ಗರಸನ್ನು ಆರಾರು ಇಂಚಿನ ಪದರಗಳಲ್ಲಿ ದಿಮ್ಮಸು ಮಾಡಿ ನೆಲ ಹಾಕಿದರೆ ಕೆಲಸ ಮುಗಿಯಿತು. ಇದಕ್ಕೆ ಪಾಯ ಬಲಪಡಿಸುವ ಗುತ್ತಿಗೆ ಕೊಡುವುದು ಅನ್ಯಾಯದ ಖರ್ಚು.

ಕಾಯಬಾರದ ಸಂದರ್ಭಗಳು

ಗಂಟೆಗಳ ಅಂತರದಲ್ಲಿ ಬಿರುಕು ಅಗಲವಾಗುವುದು, ನಿನ್ನೆಯವರೆಗೆ ಸಲೀಸಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ಸಿಕ್ಕಿಕೊಳ್ಳುವುದು, ಟೈಲ್ಸ್ ಚಟಪಟ ಎಂದು ಸಿಡಿದೇಳುವುದು, ನೆಲಮಟ್ಟದ ಪಿಲ್ಲರಿನಲ್ಲಿ ನೇರ ಬಿರುಕು ಬಿದ್ದು ಕಾಂಕ್ರೀಟ್ ಉದುರುವುದು, ಪಕ್ಕದ ಕಟ್ಟಡಕ್ಕೂ ನಿಮ್ಮದಕ್ಕೂ ನಡುವಿನ ಸಂದು ಮೇಲಕ್ಕೆ ಹೋದಂತೆ ಅಗಲವಾಗುವುದು. ಇವುಗಳಲ್ಲಿ ಯಾವುದು ಕಂಡರೂ ಸಾಮಾನು ಕಟ್ಟುತ್ತಾ ನಿಲ್ಲಬೇಡಿ. ಮಕ್ಕಳನ್ನೂ ಹಿರಿಯರನ್ನೂ ಹೊರಗೆ ಕರೆತನ್ನಿ, ಗ್ಯಾಸ್ ಮತ್ತು ಕರೆಂಟ್ ಬಂದ್ ಮಾಡಿ, ಬಾಡಿಗೆದಾರರಿಗೂ ಅಕ್ಕಪಕ್ಕದವರಿಗೂ ತಿಳಿಸಿ, 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ. 2021ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಲಕ್ಕಸಂದ್ರ ಮತ್ತು ಕಸ್ತೂರಿನಗರಗಳಲ್ಲಿ ಕಟ್ಟಡಗಳು ಕುಸಿದವು, ಕಮಲಾನಗರದಲ್ಲಿ ವಾಲಿದ ಕಟ್ಟಡವನ್ನು ಕೆಡವಬೇಕಾಯಿತು. ವರ್ಷದಲ್ಲೇ ಹೆಚ್ಚು ಮಳೆ ಸುರಿಯುವ ಆ ಎರಡು ತಿಂಗಳುಗಳಲ್ಲಿ ನಮ್ಮ ನಗರದ ಮನೆಮಾಲೀಕರು ಕಣ್ಣು ತೆರೆದಿರಬೇಕು.

ಅಳತೆ: ಪೆನ್ಸಿಲ್, ಗಾಜಿನ ಚೂರು, ನೀರಿನ ಟ್ಯೂಬ್

ಬಿರುಕು ಇದೆ, ಸರಿ. ಅದು ಇನ್ನೂ ಬೆಳೆಯುತ್ತಿದೆಯೇ, ಹತ್ತು ವರ್ಷದ ಹಿಂದೆಯೇ ನಿಂತುಹೋಗಿದೆಯೇ? ಇದಕ್ಕೆ ಉತ್ತರ ಸಿಗದೆ ಯಾವ ಗುತ್ತಿಗೆದಾರರಿಗೂ ಮುಂಗಡ ಕೊಡಬೇಡಿ.

ಬಿರುಕಿನ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆಯಿರಿ. ಮುಖ್ಯವಾದ ಬಿರುಕಿನ ಅಕ್ಕಪಕ್ಕ ಪ್ಲಾಸ್ಟರ್ ಕೆತ್ತಿ, ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟಿಗೆಗೇ ಎಪಾಕ್ಸಿ ಹಾಕಿ ಅಂಟಿಸಿ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಎಷ್ಟು ಅಲುಗಿತೆಂದು ತಿಳಿಯಲು ಬಿರುಕಿನ ಎರಡೂ ಬದಿಗೆ ಒಂದೊಂದು ಸ್ಟೀಲ್ ಸ್ಕ್ರೂ ಬಿಗಿದು, ಅವುಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ಬೆಳಗಿನ ಹೊತ್ತೇ ಅಳೆಯುವುದು ಒಳ್ಳೆಯದು, ಮಧ್ಯಾಹ್ನದ ಬಿಸಿಗೆ ಗೋಡೆ ಹಿಗ್ಗಿ ಲೆಕ್ಕ ತಪ್ಪುತ್ತದೆ.

ಮನೆಯ ಮಟ್ಟ ನೋಡಲು ಮೇಸ್ತ್ರಿಗಳ ನೀರಿನ ಟ್ಯೂಬ್ ಸಾಕು. ಗುಳ್ಳೆಯಿಲ್ಲದಂತೆ ನೀರು ತುಂಬಿದ ಟ್ಯೂಬನ್ನು ಹಿಡಿದು ಹೊರಗೋಡೆಯ ಎಲ್ಲ ಮೂಲೆಗಳಲ್ಲೂ ಒಂದೇ ಮಟ್ಟದ ಗುರುತು ಹಾಕಿ. ಆ ಗುರುತಿನಿಂದ ಪ್ಲಿಂತ್ (ನೆಲದಿಂದ ಮೇಲೆ ಕಾಣುವ ಪಾಯದ ಅಂಚು) ಎಷ್ಟು ಕೆಳಗಿದೆ ಎಂದು ಪ್ರತಿ ಮೂಲೆಯಲ್ಲೂ ಬರೆದಿಡಿ. ಗೋಡೆ ಇಳಿದರೆ ಹಳೆಯ ಗುರುತೂ ಜೊತೆಗೇ ಇಳಿಯುತ್ತದೆ, ಹಾಗಾಗಿ ಪ್ರತಿ ಸಲವೂ ಟ್ಯೂಬ್ ಹಿಡಿದು ಮಟ್ಟವನ್ನು ಹೊಸದಾಗಿ ಗುರುತಿಸಿ. 3 ಮೀಟರ್ ದೂರದ ಎರಡು ಬಿಂದುಗಳ ನಡುವೆ ಇಳಿತದ ವ್ಯತ್ಯಾಸ 10 ಮಿಲಿಮೀಟರ್ ಮುಟ್ಟಿದಾಗ ಗೋಡೆಗಳು ಬಿರುಕು ಬಿಡತೊಡಗುತ್ತವೆ, 20 ಮುಟ್ಟಿದರೆ ಪಿಲ್ಲರ್ ತೊಲೆಗಳಿಗೇ ಪೆಟ್ಟು ಬೀಳಬಹುದು. ಕಟ್ಟುವಾಗಲೇ ಮಟ್ಟ ತಪ್ಪಿರುವುದೂ ಉಂಟು, ಆದ್ದರಿಂದ ಮೊದಲ ಅಳತೆಯನ್ನು ನೋಡಿ ಗಾಬರಿಯಾಗಬೇಡಿ. ನಮಗೆ ಬೇಕಾದದ್ದು ತಿಂಗಳುಗಳ ನಂತರದ ಬದಲಾವಣೆ. ಮಾರ್ಚ್‌ನಲ್ಲಿ ಶುರು ಮಾಡಿ ನವೆಂಬರ್‌ವರೆಗೆ ಅಳೆದರೆ ಒಂದು ಬೇಸಿಗೆ, ಒಂದು ಮಳೆಗಾಲ ಎರಡೂ ಸಿಗುತ್ತವೆ.

ನೀರು ಎಲ್ಲಿಂದ?

ಅಳತೆ ನಡೆಯುತ್ತಿರುವಾಗಲೇ ನೀರಿನ ಬೆನ್ನು ಹತ್ತಬೇಕು. ನನ್ನ ಅಭಿಪ್ರಾಯದಲ್ಲಿ ಇದು ಇಡೀ ಕೆಲಸದ ಜೀವಾಳ. ಒಣಗಿದ ಕೆಮ್ಮಣ್ಣಿನ ಮೇಲೆ ಗಟ್ಟಿಯಾಗಿ ಕುಳಿತ ಪಾಯವೇ ಅದೇ ಮಣ್ಣು ತಿಂಗಳುಗಟ್ಟಲೆ ನೆನೆದಾಗ ಇಳಿಯುತ್ತದೆ.

ಮೊದಲ ಆರೋಪಿ ಸಂಪ್. 30x40 ಸೈಟಿನಲ್ಲಿ ಸಂಪಿಗೆ ಜಾಗ ಸಿಗುವುದೇ ಪಿಲ್ಲರಿನ ಮಗ್ಗುಲಲ್ಲಿ ಅಥವಾ ಕಾರು ನಿಲ್ಲಿಸುವ ಜಾಗದ ಅಡಿಯಲ್ಲಿ. ಪರೀಕ್ಷೆ ಸುಲಭ. ಕಾವೇರಿ ನೀರು ಬಂದ ದಿನ ಸಂಪ್ ತುಂಬಿಸಿ, ಒಳಬರುವ ವಾಲ್ವ್ ಮುಚ್ಚಿ, ಮೋಟಾರ್ ಹಾಕದೆ ಒಂದು ದಿನ ಬಿಡಿ. ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ 24 ಗಂಟೆಗಳ ನಂತರ ನೋಡಿ. 6 ಅಡಿ ಉದ್ದ, 6 ಅಡಿ ಅಗಲದ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದರೂ ಸುಮಾರು 33 ಲೀಟರ್ ನೀರು ಪಾಯದ ಮಣ್ಣಿಗೆ ಹೋಗಿದೆ. ವರ್ಷಕ್ಕೆ ಅದು 12,000 ಲೀಟರ್ ದಾಟುತ್ತದೆ, 6,000 ಲೀಟರಿನ ಎರಡು ಟ್ಯಾಂಕರ್ ಲೋಡಿನಷ್ಟು. ಸೋರಿಕೆ ಖಚಿತವಾದರೆ ಖಾಲಿ ಮಾಡಿಸಿ, ಒಳಗಿನ ಬಿರುಕುಗಳನ್ನು ಸಂದಿಗೆ ಹರಿದು ತುಂಬುವ ತೆಳು ಸಿಮೆಂಟ್ ಗಾರೆ, ಅಂದರೆ ಕುಗ್ಗದ ಗ್ರೌಟ್‌ನಿಂದ ತುಂಬಿಸಿ ವಾಟರ್‌ಪ್ರೂಫಿಂಗ್ ಮಾಡಿಸಬೇಕು. ಸಂಪ್ ಪಾಯಕ್ಕಿಂತ ಆಳವಾಗಿದ್ದು ಪಾಯಕ್ಕೆ ಅಂಟಿಕೊಂಡಿದ್ದರೆ ಅದನ್ನು ಒಡೆಸಬೇಡಿ. ಒಡೆದ ಗುಂಡಿಯತ್ತ ಪಾಯದ ಮಣ್ಣು ಜಾರುತ್ತದೆ.

ಆಮೇಲೆ ಒಳಚರಂಡಿ. ಹಳೆಯ ಬಡಾವಣೆಗಳಲ್ಲಿ ಇನ್ನೂ ಮಣ್ಣಿನ ಪೈಪುಗಳಿವೆ, ಸಂದುಗಳಲ್ಲಿ ಬೇರು ನುಗ್ಗಿರುತ್ತದೆ. ಚೇಂಬರಿನ ಹೊರದಾರಿಗೆ ಗೋಣಿಚೀಲ ಬಿಗಿದು, ನೀರು ತುಂಬಿಸಿ, ಮಟ್ಟ ಇಳಿಯುತ್ತದೆಯೇ ಎಂದು ಮೇಲಿನಿಂದಲೇ ನೋಡಿ. ಸ್ವಚ್ಛಗೊಳಿಸಲೆಂದು ಯಾರನ್ನೂ ಒಳಗೆ ಇಳಿಸಬೇಡಿ. ಅದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ, ಅದಕ್ಕೂ ಮಿಗಿಲಾಗಿ ಒಂದು ಜೀವದ ಪ್ರಶ್ನೆ. ಯಂತ್ರವನ್ನೇ ಕರೆಸಿ.

ಮಳೆನೀರಿನ ಪೈಪು ಗೋಡೆಯ ಬುಡದಲ್ಲೇ ಸುರಿಯುತ್ತಿದ್ದರೆ ಅದನ್ನು ಇಂದೇ ತಿರುಗಿಸಿ. ಇಂಗುಬಾವಿ ತೋಡಿಸುವವರು ಅದನ್ನು ಮನೆಯ ಪಿಲ್ಲರುಗಳಿಂದ ಸಾಧ್ಯವಾದಷ್ಟು ದೂರ, ಗೇಟಿನ ಮೂಲೆಯಲ್ಲಿ ತೋಡಿಸಿ, ಮೇಲಿನ ರಿಂಗುಗಳ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿಸಲಿ. ನೀರು ಪಾಯದ ಮಟ್ಟದಲ್ಲಿ ಇಂಗದೆ ಅದಕ್ಕಿಂತ ಕೆಳಗೆ ಇಂಗಬೇಕು. ಮನೆಯ ಸುತ್ತ ಎರಡೂವರೆ ಅಡಿ ಅಗಲ ಕಾಂಕ್ರೀಟ್ ಹಾಕಿ ಹೊರಕ್ಕೆ ಇಳಿಜಾರು ಕೊಡಿ. ವರ್ಷವರ್ಷ ಡಾಂಬರು ಏರಿ ರಸ್ತೆಯೇ ಮನೆಗಿಂತ ಎತ್ತರವಾಗಿರುವ ಕಡೆ ಗೇಟಿನ ಬಳಿ ಅಡ್ಡ ಚರಂಡಿ ಮಾಡಿ ಜಾಲರಿ ಹಾಕಲೇಬೇಕು.

ಇಷ್ಟು ಮಾಡಿದ ಮೇಲೆ ಒಂದು ಮಳೆಗಾಲ ಕಳೆದೂ ಗಾಜಿನ ಪಟ್ಟಿಗಳು ಸೀಳದೆ ಉಳಿದರೆ ಪಾಯಕ್ಕೆ ಕೈ ಹಾಕಬೇಡಿ. ನೇರವಾಗಿ ಕೊನೆಯಲ್ಲಿ ಹೇಳಿರುವ ಬಿರುಕು ಮುಚ್ಚುವ ಕೆಲಸಕ್ಕೆ ಹೋಗಿ.

ಅಗೆದು ನೋಡುವುದು, ಎಂಜಿನಿಯರನ್ನು ಕರೆಸುವುದು

ಚಲನೆ ನಿಲ್ಲದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ರಿಪೇರಿ ಗುತ್ತಿಗೆದಾರರೇ ಕಳುಹಿಸುವ ಎಂಜಿನಿಯರ್ ಬೇಡ, ನೀವೇ ಶುಲ್ಕ ಕೊಟ್ಟು ಕರೆಸುವವರು ಬೇಕು. ನಗರದ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳಲ್ಲಿ ವಿಚಾರಿಸಿದರೆ ಸಲಹೆಗಾರರು ಸಿಗುತ್ತಾರೆ. ನೀವು ಬರೆದಿಟ್ಟ ಅಳತೆಗಳನ್ನು ಅವರ ಮುಂದಿಡಿ, ಅರ್ಧ ಕೆಲಸ ಹಗುರವಾಗುತ್ತದೆ.

ಇಳಿಯುತ್ತಿರುವ ಮೂಲೆಯಲ್ಲಿ ಪಾಯಕ್ಕೆ ತಾಗಿ ಮೂರಡಿ ಚದರದ ಒಂದು ಪರೀಕ್ಷಾ ಗುಂಡಿ ತೋಡಬೇಕು. ಪಾಯ ಎಷ್ಟು ಆಳವಿದೆ, ತಳ ಎಷ್ಟು ಅಗಲವಿದೆ, ಸೈಜುಗಲ್ಲಿನ ಸಂದುಗಳಲ್ಲಿ ಸಿಮೆಂಟ್ ಇದೆಯೇ ಬರೀ ಮಣ್ಣೇ, ಕೆಳಗಿರುವುದು ಗರಸೋ ಭರ್ತಿಯೋ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಗುಂಡಿಯ ತಳಕ್ಕೆ ಹಾರೆ ಹಾಕಿದಾಗ ಠಣ್ ಎಂದು ಪುಟಿದರೆ ಸಮಾಧಾನ. ಗೇಣುದ್ದ ಸಲೀಸಾಗಿ ಇಳಿದರೆ, ಪ್ಲಾಸ್ಟಿಕ್, ಹೆಂಚಿನ ಚೂರು, ಕಪ್ಪು ಕೆಸರು ಸಿಕ್ಕರೆ ಬೋರ್ ಕೊರೆಸಿ ಮಣ್ಣು ಪರೀಕ್ಷೆ ಮಾಡಿಸಲೇಬೇಕು. ಗಟ್ಟಿ ನೆಲ ಎಷ್ಟು ಆಳದಲ್ಲಿದೆ ಎಂಬುದರ ಮೇಲೆಯೇ ದುರಸ್ತಿಯ ವಿಧಾನ ನಿರ್ಧಾರವಾಗುವುದು.

ಪಾಯ ಬಲಪಡಿಸುವ ವಿಧಾನಗಳು

ಸೈಜುಗಲ್ಲಿನ ಪಾಯದಲ್ಲಿ ಗಾರೆ ತೊಳೆದುಹೋಗಿ ಟೊಳ್ಳಾಗಿದ್ದರೆ ಗ್ರೌಟಿಂಗ್ ಸಾಕಾಗಬಹುದು. ಸುಮಾರು ಎರಡಡಿಗೊಂದು ನಳಿಕೆ ಕೂರಿಸಿ, ಮೊದಲು ನೀರು ಹಾಯಿಸಿ ತೊಳೆದು, ಕುಗ್ಗದ ಸಿಮೆಂಟ್ ಗ್ರೌಟನ್ನು ಕಡಿಮೆ ಒತ್ತಡದಲ್ಲಿ ಕೆಳಗಿನ ಸಾಲಿನಿಂದ ಮೇಲಕ್ಕೆ ತುಂಬುತ್ತಾ ಬರುತ್ತಾರೆ. ಪಾಯದ ತಳ ಕಿರಿದಾಗಿದ್ದು ನೆಲ ಚೆನ್ನಾಗಿದ್ದರೆ ಗೋಡೆಯ ಎರಡೂ ಬದಿಗೆ ಆರ್‌ಸಿಸಿ ಬೀಮ್ ಹಾಕಿ, ಗೋಡೆಯ ಮೂಲಕ ಅಡ್ಡ ಬೀಮುಗಳಿಂದ ಎರಡನ್ನೂ ಬೆಸೆದು ತಳವನ್ನು ಅಗಲ ಮಾಡುತ್ತಾರೆ. ಪಿಲ್ಲರ್ ಮನೆಯಲ್ಲಿ ಫುಟಿಂಗನ್ನು, ಅಂದರೆ ಪಿಲ್ಲರಿನ ಅಡಿಯ ಅಗಲ ತಳವನ್ನು, ದೊಡ್ಡದು ಮಾಡಿ ಪಿಲ್ಲರಿಗೆ ಹೊಸ ಕಂಬಿ ಮತ್ತು ಕಾಂಕ್ರೀಟಿನ ಕವಚ ಹಾಕುತ್ತಾರೆ.

ಮೇಲಿನ ನೆಲ ಕೆಟ್ಟಿದ್ದು ಆರೆಂಟು ಅಡಿಯೊಳಗೆ ಗರಸು ಸಿಗುವಂತಿದ್ದರೆ ಪಾಯದ ಕೆಳಗೇ ಹೊಸ ಪಾಯ ಕಟ್ಟಬೇಕು. ಇದನ್ನು ಅಂಡರ್‌ಪಿನ್ನಿಂಗ್ ಎನ್ನುತ್ತಾರೆ. ಅವಸರ ಮಾಡಿದರೆ ಮನೆಯನ್ನೇ ಬೀಳಿಸುವ ಕೆಲಸ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜನವರಿಯಿಂದ ಮಾರ್ಚ್ ಒಳಗಿನ ಒಣ ದಿನಗಳನ್ನು ಆರಿಸಿಕೊಳ್ಳಿ. ಮೇಲಿನ ತೊಲೆ ಮತ್ತು ಸ್ಲ್ಯಾಬಿಗೆ ಕಬ್ಬಿಣದ ಪ್ರಾಪ್ಸ್ (ಆಸರೆ ಕಂಬ) ಕೊಟ್ಟು, ಆ ಭಾಗದ ಕೋಣೆಗಳನ್ನು ಖಾಲಿ ಮಾಡಿಸಿ. ಗೋಡೆಯ ಉದ್ದವನ್ನು ಮೂರರಿಂದ ನಾಲ್ಕು ಅಡಿಯ ತುಂಡುಗಳಾಗಿ ಗುರುತು ಹಾಕಿ ನಂಬರ್ ಬರೆಯಿರಿ. ಒಂದಾದ ಮೇಲೆ ನಾಲ್ಕು, ಆಮೇಲೆ ಎರಡು, ಐದು, ಮೂರು, ಹೀಗೆ ಒಂದೊಂದೇ ತುಂಡಿನ ಪಾಯದ ಕೆಳಗೆ ಅಗೆಯಬೇಕು. ಅಕ್ಕಪಕ್ಕದ ಎರಡು ತುಂಡುಗಳು ಯಾವತ್ತೂ ಒಟ್ಟಿಗೆ ತೆರೆದಿರಬಾರದು. ಗುಂಡಿ ಐದಡಿ ಮುಟ್ಟುವ ಮೊದಲೇ ಬದಿಗಳಿಗೆ ಹಲಗೆ ಆನಿಸಿ, ತೆಗೆದ ಮಣ್ಣನ್ನು ಅಂಚಿನಿಂದ ದೂರ ಹಾಕಿಸಿ, ಒಬ್ಬರೇ ಗುಂಡಿಯಲ್ಲಿ ಕೆಲಸ ಮಾಡದಂತೆ ನೋಡಿಕೊಳ್ಳಿ. ಆ ಗುಂಡಿಯಲ್ಲಿ ನಿಂತವರ ತಲೆಯ ಮೇಲೆ ನಿಮ್ಮ ಮನೆಯ ಭಾರವಿದೆ.

ಗಟ್ಟಿ ಗರಸು ಸಿಕ್ಕ ಮೇಲೆ ಎಂಜಿನಿಯರ್ ನೋಡಿ ಒಪ್ಪಬೇಕು. ಆಮೇಲೆ ಎಂ20 ದರ್ಜೆಯ ಕಾಂಕ್ರೀಟನ್ನು ಹಳೆಯ ಪಾಯದ ತಳದಿಂದ ಮೂರು ಇಂಚು ಕೆಳಗಿನವರೆಗೆ ಮಾತ್ರ ತುಂಬಬೇಕು. ಕಾಂಕ್ರೀಟ್ ಗಟ್ಟಿಯಾಗುವಾಗ ಸ್ವಲ್ಪ ಇಳಿಯುತ್ತದೆ. ಮೇಲಿನವರೆಗೂ ಒಮ್ಮೆಲೇ ತುಂಬಿದರೆ ಕೂದಲೆಳೆಯ ಸಂದು ಉಳಿದು, ಹಳೆಯ ಪಾಯ ಹೊಸದರ ಮೇಲೆ ಕೂರುವುದೇ ಇಲ್ಲ. ಮಾರನೆಯ ದಿನದ ನಂತರ ಆ ಮೂರು ಇಂಚಿನ ಸಂದಿಗೆ ಒಂದು ಭಾಗ ಸಿಮೆಂಟ್, ಮೂರು ಭಾಗ ಮರಳಿನ ಒಣ ಗಾರೆಯನ್ನು ತುಂಬಬೇಕು. ಮುಷ್ಟಿಯಲ್ಲಿ ಹಿಸುಕಿದರೆ ಅದು ಉಂಡೆ ಕಟ್ಟಬೇಕು, ಆದರೆ ಅಂಗೈ ಒದ್ದೆಯಾಗಬಾರದು. ಸ್ವಲ್ಪ ಸ್ವಲ್ಪವೇ ಇಟ್ಟು, ಮರದ ತುಂಡು ಆನಿಸಿ ಸುತ್ತಿಗೆಯಿಂದ ಒಳಕ್ಕೆ ಬಡಿಯುತ್ತಾ, ಇನ್ನು ಹೋಗುವುದಿಲ್ಲ ಎನ್ನುವವರೆಗೆ ತುಂಬಬೇಕು. ಇಡೀ ಮನೆಯ ಭಾರ ದಾಟುವುದು ಈ ಮೂರು ಇಂಚಿನ ಮೂಲಕ. ಈ ಹೊತ್ತಿನಲ್ಲಿ ಮಾಲೀಕರು ಸ್ಥಳದಲ್ಲಿರಲಿ. ಇದು ಬಲ ಹಿಡಿದ ಮೇಲೆಯೇ ಮುಂದಿನ ತುಂಡಿಗೆ ಗುದ್ದಲಿ ಹಾಕಬೇಕು. ಗುಂಡಿ ಮುಚ್ಚುವ ಮುನ್ನ ಪ್ರತಿಯೊಂದರ ಫೋಟೊ ತೆಗೆದಿಡಿ.

ಕೆರೆಯಂಗಳದಲ್ಲಿ ಹದಿನೈದು ಇಪ್ಪತ್ತು ಅಡಿ ಹೋದರೂ ಗಟ್ಟಿ ನೆಲ ಸಿಗದಿದ್ದರೆ ಕೈಯಿಂದ ಅಗೆಯುವ ದಾರಿ ಮುಚ್ಚಿತು. ಅಲ್ಲಿ ಮೈಕ್ರೋಪೈಲ್, ಅಂದರೆ ಸಣ್ಣ ವ್ಯಾಸದ ರಂಧ್ರ ಕೊರೆದು ಕಂಬಿ ಮತ್ತು ಗ್ರೌಟ್ ತುಂಬಿ ಬಂಡೆಯವರೆಗೆ ಇಳಿಸುವ ಕಂಬಗಳೇ ಗತಿ. ಜಾಕ್ ಕೊಟ್ಟು ಇಡೀ ಮನೆಯನ್ನು ಎತ್ತುವ ತಂಡಗಳು ಈಗ ಬೆಂಗಳೂರಿನಲ್ಲಿ ಸಾಕಷ್ಟಿವೆ. ರಸ್ತೆಗಿಂತ ತಗ್ಗಾದ ಮನೆಗೆ ಅದು ಉಪಯುಕ್ತ. ಆದರೆ ಎತ್ತಿದ ಮಾತ್ರಕ್ಕೆ ಕೆಳಗಿನ ಮಣ್ಣು ಗಟ್ಟಿಯಾಗುವುದಿಲ್ಲ. ಮಣ್ಣಿನ ಪರೀಕ್ಷೆಯಿಲ್ಲದೆ ಎತ್ತಿಕೊಡುತ್ತೇವೆ ಎನ್ನುವವರಿಗೆ ಒಪ್ಪಿಗೆ ಕೊಡಬೇಡಿ.

ಪಕ್ಕದ ಸೈಟಿನ ಸೆಲ್ಲಾರ್, ಮೇಲಿನ ಹೊಸ ಮಹಡಿ

ಪಕ್ಕದವರು ನಿಮ್ಮ ಪಾಯಕ್ಕಿಂತ ಆಳಕ್ಕೆ ಅಗೆಯುತ್ತಾರೆ ಎಂದು ತಿಳಿದ ದಿನವೇ ನಿಮ್ಮ ಗೋಡೆಗಳ ಫೋಟೊ ಮತ್ತು ವಿಡಿಯೊ ದಿನಾಂಕ ಸಹಿತ ತೆಗೆದಿಡಿ. ನಿಮ್ಮ ಪಾಯದ ತಳಕ್ಕಿಂತ ಅವರ ಗುಂಡಿ ಎಷ್ಟು ಅಡಿ ಕೆಳಗೆ ಹೋಗುತ್ತದೆಯೋ ಕನಿಷ್ಠ ಅಷ್ಟು ಅಡಿ ದೂರವಿರಬೇಕು, ಇಲ್ಲವಾದರೆ ಮಣ್ಣು ಜಾರದಂತೆ ತಡೆಗೋಡೆ ಕಟ್ಟಿ ಅಗೆಯಬೇಕು. ಮೊದಲು ಮಾತಾಡಿ ನೋಡಿ. ಕೇಳದಿದ್ದರೆ ಪಾಲಿಕೆಯ ವಾರ್ಡ್ ಎಂಜಿನಿಯರ್‌ಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಒಂದು ಮಹಡಿಗೆಂದು ಹಾಕಿದ ಪಾಯದ ಮೇಲೆ ಬಾಡಿಗೆಯ ಆಸೆಗೆ ಮೂರು ನಾಲ್ಕು ಮಹಡಿ ಏರಿಸುವುದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಬಾಡಿಗೆಗೆ ಬರುವವರಿಗೆ ಪಾಯದ ಲೆಕ್ಕ ಗೊತ್ತಿರುವುದಿಲ್ಲ, ಮಾಲೀಕರನ್ನು ನಂಬಿ ಮಲಗುತ್ತಾರೆ. ಈಗಾಗಲೇ ಬಿರುಕಿರುವ ಮನೆಯ ಮೇಲೆ ಒಂದು ನೀರಿನ ಟ್ಯಾಂಕನ್ನೂ ಹೆಚ್ಚಿಗೆ ಇಡಬೇಡಿ. 2,000 ಲೀಟರ್ ಎಂದರೆ ಎರಡು ಟನ್ ಭಾರ.

ಕೊನೆಗೆ ಬಿರುಕು ಮುಚ್ಚುವುದು

ಚಲನೆ ನಿಂತದ್ದು ಅಳತೆಯಿಂದ ಖಚಿತವಾದ ಮೇಲೆ ಬಿರುಕಿನ ಅಕ್ಕಪಕ್ಕ ಪ್ಲಾಸ್ಟರ್ ತೆಗೆಸಿ. ನಾಲ್ಕೈದು ವರಸೆ ಇಟ್ಟಿಗೆಗೊಂದರಂತೆ ಅಡ್ಡ ಸಂದುಗಳನ್ನು ಒಂದೂಕಾಲು ಇಂಚು ಆಳ ಕೆತ್ತಿ, ಬಿರುಕಿನ ಆಚೆ ಈಚೆ ಒಂದೂವರೆ ಅಡಿ ಬರುವಂತೆ 6 ಮಿಲಿಮೀಟರ್ ಸ್ಟೇನ್‌ಲೆಸ್ ಸ್ಟೀಲ್ ಕಂಬಿಯನ್ನು ಕುಗ್ಗದ ಗ್ರೌಟಿನಲ್ಲಿ ಹೂಳಬೇಕು. ಒಡೆದ ಇಟ್ಟಿಗೆಗಳನ್ನು ಬದಲಿಸಿ, ಬಿರುಕಿಗೆ ಗ್ರೌಟ್ ತುಂಬಿ, ಕೋಳಿಬಲೆ ಹೊಡೆದು ಪ್ಲಾಸ್ಟರ್ ಮಾಡಿಸಿ, ವಾರವಿಡೀ ನೀರು ಹೊಡೆಯಿಸಿ. ಬಣ್ಣಕ್ಕೆ ಅವಸರ ಬೇಡ. ಹೊಸ ಪ್ಲಾಸ್ಟರಿನ ಮೇಲೆ ಎರಡು ಗಾಜಿನ ಪಟ್ಟಿಗಳನ್ನು ಅಂಟಿಸಿ ಮುಂದಿನ ಅಕ್ಟೋಬರ್ ಕಳೆಯುವವರೆಗೆ ಬಿಡಿ. ನಕ್ಷೆ, ಮಣ್ಣಿನ ವರದಿ, ಗುಂಡಿಗಳ ಫೋಟೊ, ಅಳತೆಯ ಪುಸ್ತಕ ಇವೆಲ್ಲವನ್ನೂ ಮನೆಪತ್ರಗಳ ಜೊತೆಯಲ್ಲೇ ಕಟ್ಟಿಡಿ. ಮುಂದೆ ಆ ಮನೆಯಲ್ಲಿ ಯಾರು ಗುದ್ದಲಿ ಹಿಡಿದರೂ ಅವರಿಗೆ ಅದು ಬೇಕಾಗುತ್ತದೆ.